ಮಳೆಗೆ ಓದಿದ ಕಾವ್ಯ

ಹಳೆಯ ಕಾವ್ಯವನ್ನು ಮೆಚ್ಚಲು ಕಲಿತದ್ದು ಹೇಗೆ ಎಂದು ಸಾಹಿತಿಗಳನ್ನು ಕೇಳಿ ನೋಡಿ, ಪ್ರತಿಯೊಬ್ಬರಿಗೂ ಒಬ್ಬಳು ಅಜ್ಜಿ ಇರುತ್ತಾಳೆ. ಆಕೆ ರಾಗಿ ಬೀಸುತ್ತ ಪದ್ಯ ಹಾಡುತ್ತಿದ್ದಳು, ಇವರು ಆಕೆಯ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದರು. ಬೀಸುವವಳ ತೊಡೆಯ ಮೇಲೆ ಮಲಗುವುದು ಹೇಗೆಂದು ಯಾರೂ ವಿವರಿಸುವುದಿಲ್ಲ. ನನ್ನ ಅಜ್ಜಿ ಹಿಟ್ಟಿನ ಗಿರಣಿಗೆ ಹೋಗುತ್ತಿದ್ದಳು, ಅಲ್ಲಿ ಸರದಿಗಾಗಿ ಜಗಳವಾಡುತ್ತಿದ್ದಳು. ಆ ಬೈಗುಳಗಳಲ್ಲಿ ಪ್ರಾಸವಿತ್ತು ಎಂದು ಬರೆಯಲು ಕೈ ತುರಿಸುತ್ತಿದೆ. ಇತ್ತೋ ಇಲ್ಲವೋ, ನನಗೆ ನೆನಪಿಲ್ಲ.

ನಾನು ಮಧುಗಿರಿಯಲ್ಲಿ ಕನ್ನಡ ಪಾಠ ಹೇಳುವವನು. ಬಿಡುವಿನಲ್ಲಿ ಪೂರ್ಣವಿರಾಮವಿಲ್ಲದ ಕವಿತೆ ಬರೆಯುತ್ತೇನೆ. ಹಳೆಯ ಕಾವ್ಯ ಸತ್ತಿದೆ ಎಂದು ಗೋಷ್ಠಿಗಳಲ್ಲಿ ಸಾರುತ್ತ, ಅದೇ ಶವವನ್ನು ತರಗತಿಯಲ್ಲಿ ನೋಟ್ಸ್ ಮಾಡಿ ಹಂಚಿ ಸಂಬಳ ಎಣಿಸುತ್ತಿದ್ದೆ. ಹೀಗೆ ನೆಮ್ಮದಿಯಾಗಿದ್ದಾಗ ಕಳ್ಳಂಬೆಳ್ಳದ ಹತ್ತಿರದ ಹಳ್ಳಿಯಿಂದ ಮಾವನವರ ಫೋನು ಬಂತು. ಕಡ್ಲೆಕಾಯಿ ಬಿತ್ತಿದ ಮೇಲೆ ಮಳೆ ಮುಖ ತೋರಿಸದಿದ್ದರೆ ಅವರೂರಿನ ಗುಡಿಯ ಮುಂದೆ ಸಂಜೆ ಹೊತ್ತು ಕಾವ್ಯ ಓದಿಸುವ ರೂಢಿ. ಓದುತ್ತಿದ್ದ ಅಯ್ನೋರು ಆ ವರ್ಷ ಹಲ್ಲು ಕೀಳಿಸಿಕೊಂಡು ಕೂತಿದ್ದರು.

“ಅಳಿಯಂದ್ರೇ, ನೀವೇ ಬಂದ್ಬುಡಿ. ಊರೋರ ಮುಂದೆ ಒಪ್ಕೊಂಡ್ಬುಟ್ಟಿದೀನಿ.”

“ನಾನು ಹೊಸ ಕಾವ್ಯದವನು, ಮಾವ.”

“ಅದನ್ನ ಓದುದ್ರೆ ಮಳೆ ಬತ್ತದಾ?”

ಇಷ್ಟು ನೇರವಾದ ವಿಮರ್ಶೆ ನನ್ನ ಕವಿತೆಗೆ ಅಲ್ಲಿಯವರೆಗೆ ಬಂದಿರಲಿಲ್ಲ. ಹೆಂಡತಿ ಬೇರೆ, “ಮಳೆ ಓಡ್ಸಿದ ಅಳಿಯ ಅಂತ ಹೆಸ್ರು ತಗೊಂಡ್ರೆ ನಾನು ತೌರಿನ ಕಡೆ ತಲೆ ಹಾಕಂಗಿಲ್ಲ” ಎಂದು ಹೇಳಿಯೇ ಬಸ್ಸು ಹತ್ತಿಸಿದಳು.

ಮೊದಲ ಸಂಜೆ ಕಷ್ಟದ ಪದ್ಯಗಳನ್ನೆಲ್ಲ ಹಾರಿಸಿ ಓದಿದೆ. ಹಿಡಿಯುವವರು ಯಾರು ಎಂಬ ಧೈರ್ಯ. ಕೇಳುಗರು ಪದ್ಯ ಮುಗಿದಾಗೆಲ್ಲ ನನ್ನ ಮುಖ ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಒಂದು ಮೋಡವೂ ಇಲ್ಲ. ಬೆಳಿಗ್ಗೆ ಪಕ್ಕದ ಮನೆಯ ರಂಗಪ್ಪ ನನಗೆ ಕೇಳಿಸುವಂತೆಯೇ ಯಾರಿಗೋ ಹೇಳುತ್ತಿದ್ದ: “ಮೇಷ್ಟ್ರು ಎಲ್ಲೋ ಹಾರ್ಸವ್ರೆ ಕಣ್ಲಾ. ಹಾಳೆ ಮಗುಚೋ ಸ್ಪೀಡ್ ನೋಡ್ಲಿಲ್ವಾ?” ಮಾವನ ಮನೆಯಲ್ಲಿ ಅಳಿಯನಿಗೆ ಮೊದಲು ಬರುತ್ತಿದ್ದ ಕಾಫಿ ಅಂದು ಎಲ್ಲರ ನಂತರ ಬಂತು, ಆರಿತ್ತು.

ಹೆದರಿಕೆ ಎಂಥ ಗುರುವೆಂದರೆ, ಆ ಹಗಲೆಲ್ಲ ಕೂತು ಒಂದೊಂದು ಪದವನ್ನೂ ಬಿಡಿಸಿದೆ. ಸಂಜೆ ಓದುವಾಗ ಒಬ್ಬ ಬಡಾಯಿಗಾರನ ಪ್ರಸಂಗ ಬಂತು. ಕವಿ ಅವನನ್ನು ಹೊಗಳುತ್ತ ಹೊಗಳುತ್ತಲೇ ಅವನ ಬಟ್ಟೆ ಬಿಚ್ಚುತ್ತಾನೆ. ನನ್ನ ಕಾಲದ ಸರಕೆಂದು ನಾನು ಬೀಗುತ್ತಿದ್ದ ವ್ಯಂಗ್ಯವನ್ನು ಈತ ಶತಮಾನಗಳ ಹಿಂದೆಯೇ ಬಳಸಿ, ತೊಳೆದು, ಒಣಗಿಸಿಟ್ಟಿದ್ದ. ಹೊಟ್ಟೆ ಉರಿಯಿತು. ಆ ಉರಿಯೇ ರಸಾನುಭವ ಇರಬೇಕು. ಒಂದು ಪದ್ಯವನ್ನು ನನಗಾಗಿಯೇ ಎರಡನೆಯ ಸಲ ಓದಿದೆ, ಇನ್ನೂ ನಿಧಾನವಾಗಿ. ಆಗ ಪುಸ್ತಕದ ಮೇಲೆ ಟಪ್ಪೆಂದು ಹನಿ ಬಿತ್ತು.

ಇಡೀ ಸಭೆ ಎದ್ದಿತು. ಮೈಕಿನವನು ವೈರು ಸುತ್ತತೊಡಗಿದ. “ಕೂತ್ಕೊಳ್ಳಿ, ರುಚಿಯಾದ ಜಾಗ ಈಗ ಬರ್ತಿದೆ” ಎಂದು ಗೋಗರೆದೆ.

“ಬಂತಲ್ಲ ಸಾ, ಇನ್ಯಾಕೆ ಓದ್ತೀರ?” ಎಂದ ರಂಗಪ್ಪ, ತಲೆಗೆ ಗೊಬ್ಬರದ ಚೀಲ ಹೊದ್ದು. “ಹೆಚ್ಗೆ ಬಂದ್ರೆ ಬಿತ್ತಿರೋ ಬೀಜ ಕೊಳ್ತೋಯ್ತವೆ.”

ಮಾವ ಪುಸ್ತಕ ಕಿತ್ತುಕೊಂಡು ಟವೆಲಿನಲ್ಲಿ ಸುತ್ತಿದರು. ಮರುದಿನ ಕಾಫಿ ಮೊದಲು ನನಗೇ ಬಂತು. ಆ ಸಂಜೆಯ ಮಳೆಗೆ ಕೆರೆಗೆ ನೀರು ಬಂತು ಎಂದು ಮಾವ ಈಗಲೂ ಹೇಳುತ್ತಾರೆ. ಊರಲ್ಲೇ ಇರದ ನನ್ನ ಹೆಂಡತಿ, ಬಿದ್ದದ್ದು ನಾಲ್ಕೇ ಹನಿ ಎನ್ನುತ್ತಾಳೆ. ನಾನು ಇಬ್ಬರನ್ನೂ ನಂಬುವುದಿಲ್ಲ, ನನ್ನನ್ನಂತೂ ಮೊದಲೇ ಇಲ್ಲ.

ಮೊನ್ನೆ ಕೊರಟಗೆರೆಯ ಕವಿಗೋಷ್ಠಿಯಲ್ಲಿ ನನ್ನದೇ ಕವಿತೆ ಓದುತ್ತಿದ್ದೆ. ಅರ್ಧಕ್ಕೇ ಜನ ಒಬ್ಬೊಬ್ಬರಾಗಿ ಎದ್ದು ಹೊರಟರು. ನನಗೆ ರೋಮಾಂಚನವಾಯಿತು. ಓದು ನಿಲ್ಲಿಸಿ ಕಿಟಕಿಯಾಚೆ ನೋಡಿದೆ. ಚುರುಗುಟ್ಟುವ ಬಿಸಿಲು.