ನಮ್ಮ ಹಟ್ಟಿಯೊಳಗಿನ ಪಟಾಲಂ

ನಮ್ಮನೆಯಲ್ಲಿ ಒಂದು ವಾರ ಏನೂ ಆಗದೆ ಕಳೆದರೆ ಅತ್ತೆಗೆ ಅನುಮಾನ ಶುರುವಾಗುತ್ತದೆ. "ಎಂತ ಹೆಣೆ, ಅಂವ ಮತ್ತೆಂತದಾರೂ ತಕಂಡ್ ಬಪ್ಪುಕೆ ಹೋಯ್ದ್ನಾ?" ಎಂದು ಕೇಳುತ್ತಾರೆ. ಅಂವ ಎಂದರೆ ಅವರ ಮಗ, ನನ್ನ ಗಂಡ. ಪುಣೆಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಪಕ್ಕದಲ್ಲೇ ಮಿಲಿಟರಿಯ ಹಳೇ ಸಾಮಾನು ಹರಾಜಾಗುತ್ತಿತ್ತು. ಅಲ್ಲಿ ಅಂಟಿದ ಚಟ. ಹೋಟೆಲನ್ನು ತಮ್ಮನಿಗೆ ಒಪ್ಪಿಸಿ ಬಾರ್ಕೂರಿನ ಮನೆಗೆ ಬಂದ ಮೇಲೆ ದನ ಇಲ್ಲದೆ ಖಾಲಿ ಬಿದ್ದಿದ್ದ ಹಟ್ಟಿಯನ್ನು ಗುಡಿಸಿ ಸಾರಿಸಿ, ಅಲ್ಲಿ ದನದ ಬದಲು ಒಂದೊಂದೇ ಮಿಲಿಟರಿ ಗಾಡಿ ತಂದು ಕಟ್ಟಲು ಶುರು ಮಾಡಿದರು. ಮದುವೆಗೆ ಮುಂಚೆ ನನ್ನ ಅಪ್ಪಯ್ಯ ಹುಡುಗ ಬೀಡಿ ಸೇದುತ್ತಾನೋ, ಇಸ್ಪೀಟು ಆಡುತ್ತಾನೋ ಎಂದೆಲ್ಲ ವಿಚಾರಿಸಿದ್ದರು. ಮಿಲಿಟರಿ ಗಾಡಿ ಸಾಕುತ್ತಾನೋ ಎಂದು ಕೇಳಲು ಪಾಪ ಅವರಿಗೆ ಹೊಳೆಯಲಿಲ್ಲ.

ಜೀಪು ಮತ್ತು ಕೆಂಪು ಹುಂಜ

ಮೊದಲು ಬಂದದ್ದು ಜೀಪು. ಮಾಸಿದ ಮಿಲಿಟರಿ ಹಸಿರು, ಮೇಲೆ ಟಾರ್ಪಾಲು. ಅದರಲ್ಲಿ ನನ್ನನ್ನು ಕೂರಿಸಿಕೊಂಡು ಒಂದು ಭಾನುವಾರ ವಂಡ್ಸೆಯ ನೆಂಟರ ಮನೆಗೆ ಹೊರಟರು. ಡಾಂಬರು ರಸ್ತೆ ನೆಟ್ಟಗೇ ಇತ್ತು. ಆದರೆ ನೆಟ್ಟಗಿನ ರಸ್ತೆ ಕಂಡರೆ ಇವರಿಗೆ ಬೇಜಾರು.

"ಫೋರ್ ವೀಲ್ ಹಾಕಿ ಒಳದಾರಿಲ್ ಹೋಪ, ಕಾಣ್" ಎಂದು ಹಾಡಿಯೊಳಗೆ ನುಗ್ಗಿಸಿಯೇ ಬಿಟ್ಟರು. ಗೇರುಮರಗಳ ನಡುವೆ ಕುಣಿಯುತ್ತ, ನೆಗೆಯುತ್ತ ಹೋಗಿ ಒಂದು ಬಯಲಿಗೆ ಬಂದರೆ ಅಲ್ಲಿ ಜನವೋ ಜನ. ಸುತ್ತ ನಿಂತು ಏನೋ ನೋಡುತ್ತಿದ್ದಾರೆ. ಯಾರೋ ಒಬ್ಬ ತಿರುಗಿ ನಮ್ಮ ಹಸಿರು ಜೀಪು ಕಂಡ. "ಪೊಲೀಸ್" ಎಂದ, ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಬಯಲು ಬರಿದಾಯಿತು.

ಇವರು ಜೀಪಿನಿಂದ ಇಳಿದು, "ಹ್ವಾಯ್, ನಿಲ್ಲಿ, ದಾರಿ ಕೇಂಬುಕೆ ಬಂದದ್ದ್" ಎಂದು ಕೂಗಿದರು. ಇವರು ಕೂಗಿದಷ್ಟೂ ಅವರ ಓಟ ಜೋರಾಯಿತು. ಬಯಲಲ್ಲಿ ಉಳಿದದ್ದು ಚಪ್ಪಲಿಗಳು, ಕೊಡೆಗಳು, ಗೇರುಗಿಡಕ್ಕೆ ಸಿಕ್ಕಿಕೊಂಡ ಒಂದು ಪಂಚೆ. ನಡುವೆ ಎರಡು ಕೋಳಿಗಳು, ತಾವು ಜಗಳ ಮುಂದುವರಿಸುವುದೋ ಬೇಡವೋ ಎಂದು ಮುಖ ಮುಖ ನೋಡಿಕೊಂಡು ನಿಂತಿದ್ದವು. ಬಾಜಿ ಕಟ್ಟಿ ಆಡಿಸುವ ಕೋಳಿ ಅಂಕ ಎಂದು ನಮಗೆ ಆಗ ಗೊತ್ತಾಯಿತು.

ಮನೆಗೆ ಬಂದಾಗ ಜೀಪಿನ ಹಿಂದಿನ ಸೀಟಿನಡಿಯಿಂದ ಒಂದು ಕೆಂಪು ಹುಂಜ ಇಳಿದು ಬಂತು. ಯಾವಾಗ ಹತ್ತಿತೋ. ನೆಂಟರು ಕೊಟ್ಟು ಕಳಿಸಿದ್ದಾರೆ ಎಂದುಕೊಂಡ ಅತ್ತೆ, ನಾವು ಸ್ನಾನ ಮುಗಿಸಿ ಬರುವುದರೊಳಗೆ ಕೆಲಸ ಪೂರೈಸಿದ್ದರು.

ಮರುದಿನ ಮಧ್ಯಾಹ್ನ ನಮ್ಮ ದೊಡ್ಡಪ್ಪಯ್ಯ ಬಂದರು. ಊರಲ್ಲಿ ಮರ್ಯಾದಸ್ಥರು, ನಾಲ್ಕು ಜನಕ್ಕೆ ಬುದ್ಧಿ ಹೇಳುವವರು. ಸೆಖೆಯ ವಿಷಯ ಮಾತಾಡಿದರು, ಮೀನಿನ ವಿಷಯ ಮಾತಾಡಿದರು. ಕೊನೆಗೆ ನೆಲ ನೋಡುತ್ತ, "ನಿನ್ನೆ ನೀವ್ ಬಪ್ಪತಿಗೆ ಹಾದಿಯಂಗೆ ಒಂದ್ ಕೆಂಪ್ ಹುಂಜ ಎಲ್ಲಾದ್ರೂ ಕಂಡ್ರ್ಯಾ?" ಎಂದರು.

ಅತ್ತೆ ಒಳಗಿಂದಲೇ ಹೇಳಿದರು: "ಕಂಡಿತ್. ಊಟಕ್ಕೆ ಕೂಕಣಿ, ಇನ್ನೂ ಸ್ವಲ್ಪ ಇತ್ತ್."

ಪಟೀನ

ಆಮೇಲೆ ಬಂದದ್ದು ತೋಪಿನ ಗುಂಡಿನ ಎರಡು ಹಿತ್ತಾಳೆ ಕವಚ. ಒಳಗೆ ಮದ್ದಿಲ್ಲ, ಬರೀ ಖಾಲಿ ಕೊಳವೆ, ಮೊಣಕಾಲೆತ್ತರ. ಮೇಲೆ ಕಪ್ಪು, ಹಸಿರು, ಕಂದು ಬಣ್ಣದ ಕಿಲುಬು. ಇವರು ಅದನ್ನು ಬೆರಳಲ್ಲಿ ಸವರುತ್ತ, "ಇದಕ್ಕೆ ಪಟೀನ ಅಂತ ಹೇಳುದ್. ಕಾಲ ಬಳಿದ ಬಣ್ಣ. ದುಡ್ಡ್ ಕೊಟ್ರೂ ಸಿಕ್ಕುದಿಲ್ಲೆ" ಎಂದು ನನಗೆ ಅರ್ಧ ದಿನ ಪಾಠ ಹೇಳಿದರು. ಜಗಲಿಯಲ್ಲಿ ಇಟ್ಟು ಕುಂದಾಪುರಕ್ಕೆ ಹೋದರು.

ಸಂಜೆ ವಾಪಸ್ ಬಂದರೆ ಎರಡೂ ಚಿನ್ನದ ಹಾಗೆ ಫಳಫಳ. ಅತ್ತೆ ಹುಣಸೆಹುಳಿ, ಬೂದಿ ಹಾಕಿ ತೆಂಗಿನ ಸಿಪ್ಪೆಯಲ್ಲಿ ತಿಕ್ಕಿದ್ದರು. ಇವರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಅಮ್ಮಾ, ಅದ್ ಎಷ್ಟೋ ವರ್ಷದ್ದ್" ಎಂದರು.

"ಅದೇ ನಾನೂ ಹೇಳುದ್" ಎಂದರು ಅತ್ತೆ, "ಅಷ್ಟ್ ವರ್ಷ ಒಬ್ರಿಗೂ ತೊಳುಕೆ ಪುರ್ಸೊತ್ತಿಲ್ಯಾ?"

ಆ ವಾರ ಸತ್ಯನಾರಾಯಣ ಪೂಜೆ ಇತ್ತು. ಭಟ್ಟರು ಬಂದು ಮಂಟಪದ ಎರಡು ಬದಿಗೆ ಅವನ್ನೇ ನಿಲ್ಲಿಸಿ, ಅಡಿಕೆಯ ಹಿಂಗಾರ ಸಿಕ್ಕಿಸಿ, ದೂರ ನಿಂತು ನೋಡಿ ತಲೆದೂಗಿದರು. ಹೊರಡುವಾಗ ಇವರನ್ನು ಬದಿಗೆ ಕರೆದು ಕೇಳಿದರು: "ಈ ಹೂದಾನಿ ಎಲ್ಲಿ ತಕಂಡದ್ದ್? ತಳದಂಗೆ ಎಂತದೋ ನಂಬ್ರ ಕೆತ್ತಿದ್ರಲೆ, ಒಳ್ಳೆ ಕಂಪೆನಿಯದ್ದೇ ಆಯಿಕ್."

ಹೆಂಗಸರ ರೆಜಿಮೆಂಟು

ಮೂರನೆಯದು ಲಾರಿ. ಹಿಂದೆ ಎರಡು ಬದಿಗೆ ಮರದ ಬೆಂಚು, ಮೇಲೆ ಕಮಾನು, ಹಸಿರು ಕ್ಯಾನ್ವಾಸು. ಇದರಿಂದ ಯಾರಿಗೆ ಉಪಯೋಗ ಎಂದು ನಾನು ಗೊಣಗುತ್ತಿದ್ದೆ. ಇವರ ಅಕ್ಕನ ಮಗನ ಮದುವೆಯ ದಿನ ಗೊತ್ತಾಯಿತು. ಮದುವೆ ಶಿರೂರಿನಲ್ಲಿ. ಬೆಳಿಗ್ಗೆ ದಿಬ್ಬಣ ಹೊರಡುವ ಹೊತ್ತಿಗೆ ಬಸ್ಸಿನವನ ಫೋನು ಬಂತು, ಗೇರ್‌ಬಾಕ್ಸ್ ಹೋಗಿದೆಯಂತೆ. ಅಕ್ಕ ಅಳುವುದೊಂದು ಬಾಕಿ. ಇವರ ಮುಖ ಮಾತ್ರ ಅರಳಿತು.

ಗಂಡಸರೆಲ್ಲ ಸಿಕ್ಕಿದ ಕಾರು, ರಿಕ್ಷಾ ಹತ್ತಿದರು. ಹೆಂಗಸರು ಲಾರಿಗೆ. ತೆಂಗಿನಕಾಯಿ ಕೊಯ್ಯುವ ಏಣಿ ಇಟ್ಟು, ಕೆಳಗಿಂದ ಇಬ್ಬರು ತಳ್ಳಿ ಮೇಲಿಂದ ಇಬ್ಬರು ಎಳೆದು ಹತ್ತಿಸಿದ್ದಾಯಿತು. ನಾನು ಮುಂದೆ, ಇವರ ಪಕ್ಕ. ಇವರು ತಲೆಗೊಂದು ಹಸಿರು ಟೋಪಿ ಬೇರೆ ಹಾಕಿಕೊಂಡಿದ್ದರು.

ಹೆದ್ದಾರಿಯ ಟೋಲ್ ಗೇಟಿನಲ್ಲಿ ಅಲ್ಲಿದ್ದವ ದೂರದಿಂದಲೇ ಕಂಬ ಎತ್ತಿ ಸೆಲ್ಯೂಟ್ ಹೊಡೆದ. ಹಾಗೆಯೇ ಹೋಗುವುದು ಬಿಟ್ಟು ಇವರು ನಿಲ್ಲಿಸಿದರು. ಪ್ರಾಮಾಣಿಕತೆ ಇವರ ಇನ್ನೊಂದು ಕಾಯಿಲೆ.

"ಟೋಲ್ ತಕಣಿ."

"ಮಿಲಿಟರಿಗೆ ಇಲ್ಲೆ ಸಾರ್."

"ನಾನ್ ಮಿಲಿಟರಿ ಅಲ್ಲ ಮಾರಾಯ್ರೆ. ಹೋಟ್ಲಿನವ."

ಅವ ಹತ್ತಿರ ಬಂದು ದನಿ ತಗ್ಗಿಸಿದ. "ಅರ್ಥ ಆಯ್ತ್ ಸಾರ್. ಯಾರ್ ಹತ್ರವೂ ಹೇಳ್ತಿಲ್ಲೆ."

ಅಷ್ಟರಲ್ಲಿ ಹಿಂದಿನ ಕ್ಯಾನ್ವಾಸು ಸರಿಸಿ ಅತ್ತೆ ತಲೆ ಹೊರಗೆ ಹಾಕಿದರು. "ಹ್ವಾಯ್, ಮುಹೂರ್ತ ಮೀರತ್ತ್, ಬೇಗ ಬಿಡಿ." ಅವ ಹೋಗಿ ಒಳಗೆ ಇಣುಕಿದ. ಸಾಲಾಗಿ ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಮಡಿಲಲ್ಲಿ ಹರಿವಾಣ, ಕಳಶ. ಮತ್ತೆ ಮುಂದಕ್ಕೆ ಬಂದು ನನ್ನನ್ನು ಕೇಳಿದ: "ಇದ್ ಯಾವ್ ರೆಜಿಮೆಂಟ್ ಮೇಡಂ?"

"ಗಂಡಿನ ಕಡೆಯದ್ದ್" ಎಂದೆ.

ಟ್ಯಾಂಕು ಬಂತು

ಪುಣೆಯ ಗುಜರಿಯಲ್ಲಿ ಇವರ ಕಣ್ಣಿಗೆ ಬಿದ್ದ ಮಹಾರತ್ನವೆಂದರೆ ಇದು. ಉಕ್ಕಿನ ತಗಡಿನ ದೊಡ್ಡ ತೊಟ್ಟಿ, ಮೇಲೆ ಮುಚ್ಚಳವಿಲ್ಲ, ಚಕ್ರದ ಬದಲು ಎರಡೂ ಬದಿಗೆ ಸರಪಳಿಯ ಪಟ್ಟಿ. ಹಿಂದಿನ ಕಾಲದಲ್ಲಿ ಸಿಪಾಯಿಗಳನ್ನು ಗುಂಡೇಟಿನ ನಡುವೆ ಸಾಗಿಸುತ್ತಿದ್ದ ಗಾಡಿಯಂತೆ. ಬಂದೂಕು, ಗಿಂದೂಕು ಎಲ್ಲ ಯಾವಾಗಲೋ ಕಿತ್ತಿದ್ದರು. "ಇದ್ ಟ್ಯಾಂಕ್ ಅಲ್ಲ, ಕ್ಯಾರಿಯರ್" ಎಂದು ಇವರು ಈಗಲೂ ಹೇಳುತ್ತಾರೆ. ಕೇಳುವವರು ಯಾರೂ ಇಲ್ಲ. ಅವತ್ತು ಖುಷಿಯಲ್ಲಿ ಫೋನು ಮಾಡುವಾಗ ಇವರೇ ಅಮ್ಮನಿಗೆ ಅರ್ಥವಾಗಲೆಂದು, "ಅಮ್ಮಾ, ಟ್ಯಾಂಕ್ ಸಿಕ್ತ್, ಗುರುವಾರ ಬತ್ತ್" ಎಂದಿದ್ದರು.

ತಾರಸಿಗೊಂದು ನೀರಿನ ಟ್ಯಾಂಕು ಬೇಕೆಂದು ಎಷ್ಟೋ ದಿನದಿಂದ ಹೇಳುತ್ತಿದ್ದ ಅತ್ತೆಯ ಕಣ್ಣಲ್ಲಿ ನೀರೇ ಬಂತು. "ಕಡೆಗಾದ್ರೂ ಮನಿ ನೆನಪಾಯ್ತಲೆ ಅವ್ನಿಗೆ" ಎಂದರು. ನನಗೂ ಸಂತೋಷವಾಯಿತು, ಯಾಕೆಂದರೆ ಇವರು ಏನು ತರುತ್ತಾರೆಂದು ನನಗೂ ಹೇಳಿರಲಿಲ್ಲ. ಇಬ್ಬರೂ ಸೇರಿ ತಾರಸಿ ಗುಡಿಸಿ, ಅಲ್ಲಿದ್ದ ಹಪ್ಪಳದ ಚಾಪೆ ತೆಗೆದು, ಗುರುವಾರಕ್ಕೆ ಪ್ಲಂಬರನನ್ನೂ ಕರೆಸಿದೆವು.

ಟ್ರೈಲರಿನಿಂದ ಅದು ಗಡಗಡ ಇಳಿದಾಗ ಹಟ್ಟಿಯ ಹಂಚೆಲ್ಲ ನಡುಗಿತು. ಇವರು ಅದರ ಮೇಲೆ ನಿಂತು ಎರಡೂ ಕೈ ಎತ್ತಿದ್ದರು. ಅತ್ತೆ ತಾರಸಿ ನೋಡಿದರು, ಅದನ್ನು ನೋಡಿದರು, ಹಪ್ಪಳದ ಚಾಪೆ ಎತ್ತಿಕೊಂಡು ಒಳಗೆ ಹೋದರು. ಪ್ಲಂಬರ್ ಮಾತ್ರ ಕೆಲಸದವ. ಪಾನಾ ಹಿಡಿದುಕೊಂಡು ಒಂದು ಸುತ್ತು ಬಂದು, ಬಗ್ಗಿ ನೋಡಿ, ನನ್ನನ್ನು ಕೇಳಿದ: "ಅಕ್ಕಾ, ಇದಕ್ಕೆ ಪೈಪ್ ಎಲ್ಲಿ ಕೊಡುದ್?"

ಬಣ್ಣ

ಟೋಲ್ ಗೇಟಿನ ಸುದ್ದಿ ಎಲ್ಲೆಲ್ಲಿಗೋ ಹೋಗಿ, ಒಬ್ಬ ಅಧಿಕಾರಿ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಕಾಫಿ ಕುಡಿದು, ಎಲ್ಲ ಗಾಡಿ ಹತ್ತಿಳಿದು ನೋಡಿ, "ಕಾಗದಪತ್ರ ಎಲ್ಲ ಸರಿ ಇದೆ. ಆದರೆ ಮಿಲಿಟರಿ ಹಸಿರು ಮಿಲಿಟರಿಗೆ ಮಾತ್ರ. ಬೇರೆ ಯಾವ ಬಣ್ಣವಾದರೂ ಹೊಡೆಸಿ" ಎಂದರು.

ಇವರು ಗಂಗೊಳ್ಳಿಯಿಂದ ದೋಣಿಗೆ ಬಣ್ಣ ಹೊಡೆಯುವವನನ್ನು ಕರೆಸಿದರು, ಉಪ್ಪುಗಾಳಿಗೆ ಅವನ ಕೆಲಸವೇ ಗಟ್ಟಿ ಎಂದು. "ಹಸ್ರ್ ಒಂದ್ ಬಿಟ್ಟ್ ಯಾವ್ದಾರೂ ಆಯ್ತ್" ಎಂದು ಹೇಳಿ ಪೇಟೆಗೆ ಹೋದರು. ಅವ ಕ್ಯಾರಿಯರಿನಿಂದಲೇ ಶುರು ಮಾಡಿದ. ಮೈಗೆಲ್ಲ ಕಡುನೀಲಿ, ಅಂಚಿಗೆ ಹಳದಿ, ಕೆಳಗೆ ಕೆಂಪು ಪಟ್ಟಿ. ಕೈಗೆ ಬಂದ ಅಭ್ಯಾಸ, ಮೂತಿಯ ಎರಡೂ ಬದಿಗೆ ದೊಡ್ಡ ಕಣ್ಣು ಬರೆದು, ನಡುವೆ ದೇವರ ಹೆಸರನ್ನೂ ಬರೆದ. ನನಗಂತೂ ಬಹಳ ಚಂದ ಕಂಡಿತು. ಅವ ಕುಂಚ ತೊಳೆಯುತ್ತ ಕೇಳಿದ: "ಅಕ್ಕಾ, ನೀರಿಗಿಳ್ಸುಕೆ ಪೂಜೆ ಯಾವತ್ತ್?"

ಸಿಂಹ ಹೇಳಿದ್ದು

ಕ್ಯಾರಿಯರಿಗೆ ಮೊದಲು ಹ್ಯಾಂಡಲ್ ತಿರುಗಿಸಬೇಕು, ಆಗ ಎಂಜಿನ್ ಏಳುವುದು. ಒಂದು ದಿನ ಆ ಹ್ಯಾಂಡಲ್ ವಾಪಸ್ ಹೊಡೆದು ಇವರ ಬಲಗೈ ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದವರು ಅಳುವ ಮುಖ ಮಾಡಿ, "ಓಡಿಸ್ದೆ ಇದ್ರೆ ಅದ್ ಹಾಳಾತ್ತ್" ಎಂದರು. ನೋಡಲಾಗಲಿಲ್ಲ. "ನಂಗೆ ಕಲ್ಸಿ" ಎಂದುಬಿಟ್ಟೆ.

ದಿನಾ ಸಂಜೆ ಕೊಯ್ಲಾದ ಗದ್ದೆಯಲ್ಲಿ ಪಾಠ. ಏನು ಹೇಳಲಿ, ಮೊದಲ ಸಲ ಆ ಸರಪಳಿ ನನ್ನ ಕೈಯಡಿ ಗರಗರ ಎಂದು ಹೊರಟಾಗ ಎದೆಯೊಳಗೆ ಚೆಂಡೆ ಬಾರಿಸಿದ ಹಾಗಾಯಿತು. ಗದ್ದೆಯ ಅಂಚು ಬಂದರೆ ಬೇರೆ ಗಾಡಿಗಳು ನಿಲ್ಲುತ್ತವೆ. ಇದು ಮೂತಿ ಎತ್ತಿ ಹತ್ತಿ, ಆಚೆಗೆ ಧೊಪ್ಪೆಂದು ಇಳಿದು, ಇನ್ನೂ ಇದೆಯಾ ಎಂದು ಕೇಳುತ್ತದೆ. ಇಷ್ಟು ವರ್ಷ ಇವರಿಗೆ ಬೈದದ್ದೆಲ್ಲ ಅವತ್ತೇ ಮರೆತೆ. ಮುಂದೆ ಹೋಗುವುದು, ತಿರುಗಿಸುವುದು, ನಿಲ್ಲಿಸುವುದು ಬಂತು. ರಿವರ್ಸ್ ಒಂದು ಇನ್ನೂ ಕಲಿತಿರಲಿಲ್ಲ.

ಅಷ್ಟರಲ್ಲಿ ನೆರೆಮನೆಯವರ ಹರಕೆಯ ಆಟ ಬಂತು. ಗದ್ದೆಯಲ್ಲಿ ಯಕ್ಷಗಾನ, ಊರಿಗೆಲ್ಲ ಊಟ. ಹಿಂದಿನ ದಿನ ಕಾಲವಲ್ಲದ ಕಾಲದಲ್ಲಿ ಮಳೆ ಹೊಡೆಯಿತು. ಮಧ್ಯಾಹ್ನ ಮೇಳದ ಲಾರಿ, ರಂಗಸ್ಥಳದ ಸಾಮಾನು, ವೇಷದ ಪೆಟ್ಟಿಗೆ ಎಲ್ಲ ಹೊತ್ತುಕೊಂಡು ಗದ್ದೆಗಿಳಿದದ್ದೇ ಅರ್ಧ ಚಕ್ರ ಹುಗಿದು ಕೂತಿತು. ಎಳೆಯಲು ಬಂದ ಟ್ರ್ಯಾಕ್ಟರೂ ಅದರ ಪಕ್ಕದಲ್ಲೇ ಕೂತಿತು. ಮಗಳ ಕಾಯಿಲೆ ವಾಸಿಯಾದದ್ದಕ್ಕೆ ಆಟ ಆಡಿಸುತ್ತಿದ್ದ ಆ ಮನೆಯ ಯಜಮಾನರು ಕೆಸರಲ್ಲೇ ನಿಂತು ಕೈಮುಗಿಯುತ್ತಿದ್ದರು. ಆಮೇಲೆ ಅವರು ನಮ್ಮ ಹಟ್ಟಿಯ ಕಡೆ ನೋಡಿದರು. ಅವರ ಹಿಂದೆ ಊರೆಲ್ಲ ನೋಡಿತು.

ಇಬ್ಬರು ಗಂಡಸರು ಹ್ಯಾಂಡಲ್ ತಿರುಗಿಸಿದರು. ನಾನು ಸೆರಗು ಸೊಂಟಕ್ಕೆ ಕಟ್ಟಿ ಹತ್ತಿದೆ. ಇವರು ಪ್ಲಾಸ್ಟರ್ ಕೈ ಬೀಸುತ್ತ ಪಕ್ಕದಲ್ಲೇ ಓಡಿದರು, "ಎಡಕ್ಕೆ, ಎಡಕ್ಕೆ, ನಿಂಗೆ ಎಡ ಗೊತ್ತಿಲ್ಯಾ?" ಎನ್ನುತ್ತ. ದೋಣಿಯ ಹಗ್ಗ ಕಟ್ಟಿದರು. ಸರಪಳಿ ಒಂದು ಕ್ಷಣ ಕೆಸರು ಅಗೆಯಿತು, ಕಚ್ಚಿತು, ಲಾರಿ ಗೊಳಕ್ ಎಂದು ಮೇಲೆ ಬಂತು. ಜನರ ಕೇಕೆ ಹೊಳೆಯಾಚೆಗೂ ಕೇಳಿರಬೇಕು. ರಂಗಸ್ಥಳದ ಜಾಗದವರೆಗೆ ಎಳೆದು ಬಿಟ್ಟೆ. ಹಿಂದೆ ಹೋಗಲು ಬಾರದ್ದರಿಂದ ಮುಂದೆ ಮುಂದೆಯೇ ಗದ್ದೆಗೊಂದು ಸುತ್ತು ಹೊಡೆದು, ಕುರ್ಚಿಗಳ ಹಿಂದೆ, ರಂಗಸ್ಥಳಕ್ಕೆ ಮುಖ ಮಾಡಿ ನಿಲ್ಲಿಸಿದೆ.

ಆಟ ಹೊತ್ತಿಗೆ ಸರಿಯಾಗಿ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮುಖದ ತುಂಬ ಕೆಂಪು ಕಪ್ಪು ಬಣ್ಣ, ಬುಟ್ಟಿಯಷ್ಟು ದೊಡ್ಡ ಕಿರೀಟದ ರಕ್ಕಸ ವೇಷಧಾರಿ ನನ್ನ ಹತ್ತಿರ ಬಂದು ವಿನಯದಿಂದ ಕೇಳಿದರು: "ಅಕ್ಕಾ, ನನ್ ಪ್ರವೇಶ ಜನರ ಹಿಂದಿಂದ. ಯಾವಾಗ್ಲೂ ನಡ್ಕಂಡೇ ಹೋಪುದ್. ಇವತ್ತ್ ಇದ್ರ್ ಮೇಲ್ ಹೋಪುಕಾತ್ತಾ?"

ನಾನು ಇವರ ಮುಖ ನೋಡಿದೆ. ಇವರು ಆಗಲೇ ಹ್ಯಾಂಡಲ್ ತಿರುಗಿಸಲು ಜನ ಕರೆಯುತ್ತಿದ್ದರು.

ಕುರ್ಚಿ ಸರಿಸಿ ನಡುವೆ ಅಗಲ ದಾರಿ ಮಾಡಿದರು. ಎರಡು ಬದಿಗೆ ದೊಂದಿ, ಮುಂದೆ ಜನರನ್ನು ಸರಿಸುವವರು. ಚೆಂಡೆ ಏರಿತು, ಎಂಜಿನ್ ಏರಿತು, ಆ ರಕ್ಕಸ ವೇಷಧಾರಿ ನನ್ನ ಹಿಂದೆ ನಿಂತು ಎದೆ ಬಡಿದುಕೊಂಡು ಆರ್ಭಟಿಸಿದರು. ಕಣ್ಣು ಬರೆದ ನೀಲಿ ಗಾಡಿ ಬೆಂಕಿಯ ಬೆಳಕಲ್ಲಿ ಮೆಲ್ಲಗೆ ಹೊರಟಿತು. ಜನ ಕುರ್ಚಿ ಮೇಲೆ ಹತ್ತಿ ನಿಂತರು. ಅತ್ತೆ ಎದುರು ಸಾಲಿನಲ್ಲಿ ಎದ್ದು ನಿಂತು ಪಕ್ಕದವರಿಗೆಲ್ಲ, "ನಮ್ ಸೊಸಿ, ನಮ್ ಸೊಸಿ" ಎಂದು ತೋರಿಸುತ್ತಿದ್ದರು. ನನ್ನ ಮೈಯೆಲ್ಲ ಜುಂ ಎನ್ನುತ್ತಿತ್ತು.

ರಂಗಸ್ಥಳದ ಎದುರು ನಿಲ್ಲಿಸಿದೆ. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ರಕ್ಕಸರು ಹಾರಿ ಇಳಿದು ಕುಣಿದು, ಯಾರಿದ್ದೀರಿ ನನ್ನೆದುರು ಎಂದು ಸವಾಲು ಹಾಕಿದರು. ಈಗ ದೇವಿ ಬರಬೇಕು. ಭಾಗವತರು ಪದ ಎತ್ತಿದರು. ಯಾರೂ ಬರಲಿಲ್ಲ. ಮತ್ತೊಮ್ಮೆ ಎತ್ತಿದರು. ಪರದೆ ಅಲ್ಲಾಡಿತು, ಮತ್ತೆ ಸುಮ್ಮನಾಯಿತು. ಮೂರನೇ ಸಲಕ್ಕೆ ಪರದೆಯ ಬದಿಯಿಂದ ದೇವಿಯ ಸಿಂಹ ಮಾತ್ರ ತಲೆ ಹೊರಗೆ ಹಾಕಿತು. ಗಾಡಿಯನ್ನು ಮೂತಿಯಿಂದ ಬಾಲದವರೆಗೆ ನೋಡಿತು. ಮೆಲ್ಲಗೆ ತನ್ನ ಮೊಗವಾಡ ಮೇಲೆತ್ತಿ, ಬೆವರು ಒರೆಸಿಕೊಂಡು, ಮೈಕಿನಲ್ಲಿ ಊರಿಗೆಲ್ಲ ಕೇಳುವ ಹಾಗೆ ನನಗೆ ಹೇಳಿತು:

"ಅಕ್ಕಾ, ನೀವ್ ಅದನ್ ಮೊದ್ಲ್ ಬಂದ್ ಮಾಡಿ. ದೇವಿಗೆ ಹೆದ್ರಿಕಿ ಇಲ್ಲೆ, ನಾನೇ ಬತ್ತಿಲ್ಲೆ ಅಂದದ್ದ್."