ನಾಯಿ ಕಡೆಯವರು ಮನೆ ನೋಡಲು ಬಂದದ್ದು

ಹೆಣ್ಣು ನೋಡಿಸಿಕೊಳ್ಳುವುದು ಜನ್ಮಕ್ಕೆ ಒಂದು ಸಲ ಸಾಕು ಎನ್ನುವವಳು ನಾನು. ಮದುವೆಗೆ ಮುಂಚೆ ಆ ಶಾಸ್ತ್ರ ಮುಗಿಸಿದ್ದು ನೆನಪಿದೆ. 'ಬಾಯಿ ಮಾತ್ರ ಬಿಡಬೇಡ ಕಣೇ, ನಿನ್ನ ದಮ್ಮಯ್ಯ' ಎಂದು ಅಮ್ಮ ಹೇಳಿಕೊಟ್ಟಿದ್ದಳು. ನಾನು ತಲೆ ತಗ್ಗಿಸಿ, ಕೇಳಿದ್ದಕ್ಕೆಲ್ಲ 'ಹೂಂ' ಎಂದು ಉಸುರಿ, 'ಹುಡುಗಿ ಬಲು ಮೆತ್ತಗೆ' ಎಂಬ ಹೆಸರು ತೆಗೆದುಕೊಂಡೆ. ನಿಜ ಸಂಗತಿ ಏನೆಂದರೆ, ಕುವೆಂಪುನಗರದ ನಮ್ಮ ಮನೆ ಬಾಗಿಲಲ್ಲಿ ನಿಂತು ನಾನು ಹೂವಿನವಳನ್ನು ಕೂಗಿದರೆ ಪಕ್ಕದ ಕ್ರಾಸಿನಲ್ಲಿ ಸ್ಕೂಟರ್ ಬಿಡುತ್ತಿರುವವರು ಬ್ರೇಕ್ ಹಾಕುತ್ತಾರೆ. ನಮ್ಮ ಮನೆಯವರಿಗೆ ಇದು ಗೊತ್ತಾಗುವ ಹೊತ್ತಿಗೆ ತಾಳಿ ಕಟ್ಟಿಯಾಗಿತ್ತು. ಪಾಪ, ಏನು ಮಾಡುತ್ತಾರೆ? ಇಂಥ ನಾನು, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಳ್ಳುವ ಈ ವಯಸ್ಸಿನಲ್ಲಿ, ಇನ್ನೊಂದು ಸಲ ಅದೇ ಪರೀಕ್ಷೆಗೆ ಕೂರಬೇಕಾಗಿ ಬಂತು. ಈ ಸಲ ನೋಡಲು ಬಂದವರು ನಾಯಿ ಕಡೆಯವರು.

ಆದದ್ದಿಷ್ಟು. ನನಗೆ ಕೌದಿ ಹೊಲಿಯುವ ಹುಚ್ಚು. ಹಳೆ ಸೀರೆ ಕಂಡರೆ ಕೈ ಕಡಿಯುತ್ತದೆ. ನೆಂಟರ ಮನೆಗೆ ಹೋದರೂ ಉಟ್ಟವರ ಮುಖಕ್ಕಿಂತ ಮುಂಚೆ ಸೆರಗು ಎಷ್ಟು ಸವೆದಿದೆ ಎಂದು ನೋಡುತ್ತೇನೆ. ನಡುಮನೆಯ ನೆಲದ ಮೇಲೆ ಬಟ್ಟೆ ಹಾಸಿ, ತುಂಡಿಗೆ ತುಂಡು ಜೋಡಿಸಿ, ಇನ್ನೇನು ಸೂಜಿ ಹಾಕಬೇಕು ಎನ್ನುವಾಗ ನಮ್ಮ ಬೋರ ಬಂದು ನಟ್ಟನಡುವೆ ಮಲಗುತ್ತಾನೆ. ಬೋರನನ್ನು ನಾವು ದತ್ತು ತೆಗೆದುಕೊಂಡದ್ದಲ್ಲ. ಒಂದು ದಿನ ಗೇಟು ತೆರೆದಿತ್ತು, ಒಳಗೆ ಬಂದ, ಬಸ್ಸಾರು ಮುದ್ದೆ ವಾಸನೆ ನೋಡಿದ, ಅವನೇ ನಮ್ಮನ್ನು ದತ್ತು ತೆಗೆದುಕೊಂಡ. ಅವನ ಸುತ್ತ ಹೊಲಿದೂ ಹೊಲಿದೂ ನನ್ನ ಕೌದಿಗಳೆಲ್ಲ ನಡುವೆ ಒಂಚೂರು ಸೊಟ್ಟ. ಹಾಗೆ ಸೊಟ್ಟಗಾದ ಒಂದು ಹೊರೆ ಕೌದಿಗಳನ್ನು, ಬೀದಿನಾಯಿಗಳನ್ನು ಸಾಕುವ ಸಿದ್ಧಾರ್ಥನಗರದ ಒಂದು ಮನೆಗೆ ಕೊಟ್ಟು ಬರಲು ಹೋಗಿದ್ದೆ. ಅಲ್ಲಿತ್ತು ಒಂದು ಕರೀ ಹೆಣ್ಣುನಾಯಿ. ಬನ್ನಿಮಂಟಪದ ಹತ್ತಿರ ಯಾವುದೋ ಗಾಡಿ ಗುದ್ದಿ ಹೋಗಿತ್ತಂತೆ. ಕಾಲು ವಾಸಿಯಾಗಿದ್ದರೂ ಜನರೆಂದರೆ ಭಯ. ಮೂಲೆ ಬಿಟ್ಟು ಏಳದ ಆ ನಾಯಿ ಅವತ್ತು ಕುಂಟುತ್ತಾ ಬಂದು, ನಾನು ಹಾಸಿದ ಕೌದಿಯ ಸೊಟ್ಟ ಜಾಗದಲ್ಲೇ ಮುದುಡಿ ಮಲಗಿ, ನಿಟ್ಟುಸಿರು ಬಿಟ್ಟಿತು. ನನ್ನ ಕತೆ ಅಲ್ಲಿಗೆ ಮುಗಿಯಿತು. ಈ ನಾಯಿ ನನಗೆ ಬೇಕೇ ಬೇಕು ಎನ್ನಿಸಿಬಿಟ್ಟಿತು.

ಬೇಕೆಂದ ತಕ್ಷಣ ಕೊಡುವುದಿಲ್ಲವಂತೆ. 'ನಾವು ಮನೆಗೆ ಬಂದು ನೋಡ್ತೀವಿ ಆಂಟಿ, ಆಮೇಲೆ ಹೇಳ್ತೀವಿ. ಇನ್ನೊಬ್ರೂ ಕೇಳಿದ್ದಾರೆ. ಅವರದ್ದು ಎಸಿ ಇರೋ ಮನೆ, ತುಂಬಾ ಶಾಂತ ಸ್ವಭಾವದ ಜನ' ಎಂದಳು ಅಲ್ಲಿ ನಾಯಿಗಳನ್ನು ನೋಡಿಕೊಳ್ಳುವ ಸಿಂಚನಾ ಎಂಬ ಹುಡುಗಿ. ಶಾಂತ ಸ್ವಭಾವ ಎನ್ನುವ ಮಾತು ಕೇಳಿಯೇ ನನ್ನ ಎದೆ ಧಸಕ್ಕೆಂದಿತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಎಂಬತ್ತು ದಾಟಿದ ನಮ್ಮತ್ತೆ ಹಳ್ಳಿಯಿಂದ ಬಂದು ಎಷ್ಟು ಕಾಲವಾದರೂ ಮಾತು ಮಾತ್ರ ಅಲ್ಲಿಯದೇ. 'ಅಂಗಾರೆ ಇದು ಸಂಬಂಧ ನೋಡೋಕೆ ಬಂದಂಗೇ ಆಯ್ತಲ್ಲವ್ವ. ಉಪ್ಪಿಟ್ಟು, ಕೇಸರಿಬಾತ್ ಮಾಡ್ಬುಡು' ಎಂದರು. ನಗಬೇಡಿ. ನಾನು ನಿಜವಾಗಿಯೂ ಮಾಡಿದೆ. ಗೋಡಂಬಿ ಸ್ವಲ್ಪ ಧಾರಾಳವಾಗಿಯೇ ಹಾಕಿದೆ.

ಅಂದು ಬೆಳಿಗ್ಗೆ ಬೋರನಿಗೆ ಸೀಗೇಕಾಯಿ ಹಾಕಿ ಸ್ನಾನವಾಯಿತು. ನಮ್ಮ ಮನೆಯವರಿಗೆ ಇಸ್ತ್ರಿ ಮಾಡಿದ ಅಂಗಿ ತೊಡಿಸಿದೆ. 'ನಾಯಿ ತರೋದಕ್ಕೆ ನಾನ್ಯಾಕೆ ಶೇವ್ ಮಾಡ್ಕೋಬೇಕು?' ಎಂದು ಅವರು ಗೊಣಗಿದ್ದಕ್ಕೆ ನಾನು ಕೊಟ್ಟ ಉತ್ತರ ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಬೀರುವಿನಿಂದ ಯಾವತ್ತೂ ಹೊರಗೆ ತೆಗೆಯದ ಕೌದಿಯೊಂದನ್ನು ತೆಗೆದು ದಿವಾನದ ಮೇಲೆ ಹಾಸಿದೆ. ಬೋರನನ್ನು ಮಹಡಿ ಮೇಲೆ ಕೂಡಿಹಾಕಿ ಹೊಲಿದದ್ದು ಅದು, ಎಲ್ಲೂ ಸೊಟ್ಟವಿಲ್ಲ.

ಸಿಂಚನಾ ಬಂದಳು. ಹೆಲ್ಮೆಟ್ ತೆಗೆದು ಮನೆಯೆಲ್ಲ ಒಂದು ಸುತ್ತು ನೋಡಿದಳು. ಅವಳು ಕೇಳುವುದಕ್ಕೆ ಮುಂಚೆ ನಮ್ಮತ್ತೆಯೇ ಶುರು ಮಾಡಿದರು.

'ಎಣ್ಣು ಯಾವ ಕಡೇದವ್ವ? ಅಪ್ಪ ಅವ್ವ ಅವ್ರಾ?'

'ಅಮ್ಮ ಬನ್ನಿಮಂಟಪದ ಕಡೆ ಇದೆ ಅಜ್ಜಿ. ಅಪ್ಪ ಯಾರೂಂತ ಗೊತ್ತಿಲ್ಲ.'

'ಓಗ್ಲಿ ಬುಡು. ನಾವೇನು ಅಪ್ಪನ್ನ ಸಾಕ್ಬೇಕಾ?'

ಹುಡುಗಿ ನಕ್ಕಳು. ಸದ್ಯ, ಒಳ್ಳೆ ಶಕುನ ಎಂದುಕೊಂಡೆ. ಆಮೇಲೆ ಅವಳ ಸರದಿ. ಊಟಕ್ಕೆ ಏನು ಹಾಕುತ್ತೀರಿ, ಎಲ್ಲಿ ಮಲಗಿಸುತ್ತೀರಿ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ. ಎಲ್ಲಕ್ಕೂ ಜೇನಿನಲ್ಲಿ ಅದ್ದಿದ ದನಿಯಲ್ಲಿ ಉತ್ತರ ಕೊಟ್ಟೆ. ಕೊನೆಗೆ ಕೇಳಿದಳು: 'ಆಂಟಿ, ಅದು ತುಂಬಾ ಹೆದರಿರೋ ನಾಯಿ. ಮನೇಲಿ ಯಾರಾದ್ರೂ ಜೋರಾಗಿ ಕೂಗಾಡೋದು, ಬೈಯೋದು ಇದೆಯಾ?'

'ಛೆ, ಛೆ! ನಮ್ಮನೇಲಿ ಗಟ್ಟಿಯಾಗಿ ಮಾತಾಡೋರೇ ಇಲ್ಲ ಕಣಮ್ಮ' ಎಂದೆ.

ನಮ್ಮ ಮನೆಯವರಿಗೆ ಉಪ್ಪಿಟ್ಟು ನೆತ್ತಿಗೆ ಹತ್ತಿ ಕೆಮ್ಮು ಬಂತು. ನಾನು ಅವರ ಕಡೆ ಬೀರಿದ ನೋಟಕ್ಕೆ ಕೆಮ್ಮು ನಿಂತಿತು. ಆದರೆ ನೋಟದಿಂದ ನಿಲ್ಲದ ಪ್ರಾಣಿ ಇನ್ನೊಂದಿತ್ತಲ್ಲ! ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡ ಕೆರೆದು, ಒದ್ದೆ ಮೈಗೆಲ್ಲ ಮಣ್ಣು ಮೆತ್ತಿಕೊಂಡ ಬೋರ ಒಂದೇ ನೆಗೆತಕ್ಕೆ ದಿವಾನದ ಮೇಲೆ ಹಾರಿ, ಸಿಂಚನಾಳ ಕೇಸರಿಬಾತ್ ತಟ್ಟೆಯನ್ನು ಉರುಳಿಸಿ, ಆ ಕೌದಿಯ ಮೇಲೆ ತುಪ್ಪ, ಮಣ್ಣು, ಗೋಡಂಬಿ ಸಮೇತ ಹೊರಳಾಡಿದ.

'ಲೋ ಮುಂಡೇದೇ! ಇಳಿಯೋ ಕೆಳಗೆ! ಇಳೀತೀಯೋ, ಇಲ್ಲ ನಿನ್ನ ಚರ್ಮ ಸುಲಿದು ಕೌದಿಗೆ ತೇಪೆ ಹಾಕ್ಲೋ!'

ಕಿಟಕಿ ಗಾಜು ಅದುರಿತು. ಎದುರುಮನೆಯ ಪಾರಿವಾಳಗಳು ಎದ್ದು ಹಾರಿದವು. ಸಿಂಚನಾಳ ಕೈಯಲ್ಲಿದ್ದ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಹೋಯಿತು, ಎಸಿ ಮನೆಯವರ ಪಾಲಾಯಿತು ನನ್ನ ನಾಯಿ ಎಂದುಕೊಂಡೆ.

ಆಗ ಬಾಯಿ ಬಿಟ್ಟದ್ದು ನಮ್ಮತ್ತೆ. 'ಎದರ್ಕಬ್ಯಾಡ ಕಣವ್ವ. ಇವಳು ನಂಗೂ ಇಂಗೇ ಕೂಗೋದು. ಮಾತ್ರೆ ನುಂಗ್ತೀರೋ, ಇಲ್ಲ ಮೂಗಿಡಿದು ಉಯ್ಲೋ ಅಂತಾಳೆ. ನನ್ನ ಮಗಂಗೂ ಅಂಗೇ. ಇವಳ ಕೈಲಿ ಬೈಸ್ಕಂಡೋರು ಯಾರೂ ಒಂದೊತ್ತು ಉಪಾಸ ಮಲಗಿಲ್ಲ. ನೋಡು, ನಾನು ಎಂಗಿವ್ನಿ!' ಎಂದು ತಮ್ಮ ದಪ್ಪ ತೋಳನ್ನು ಮುಂದೆ ಚಾಚಿ ತೋರಿಸಿದರು.

ಸಿಂಚನಾ ತೋಳನ್ನು ನೋಡಿದಳು. ನಮ್ಮ ಮನೆಯವರ ಹೊಟ್ಟೆಯನ್ನೂ ನೋಡಿದಳು. ಆಮೇಲೆ ಬೋರನನ್ನು ನೋಡಿದಳು. ಆ ಪುಣ್ಯಾತ್ಮ ಅಷ್ಟು ಬೈಗುಳ ತಿಂದು, ನಾಲ್ಕೂ ಕಾಲು ಮೇಲೆತ್ತಿ, ಹೊಟ್ಟೆ ಕೆರಿ ಎನ್ನುವಂತೆ ನನ್ನ ಕಡೆಗೇ ಬಾಲ ಆಡಿಸುತ್ತಿದ್ದ. 'ಶಾಂತವಾಗಿರೋ ಮನೆಗಳಿಗೆ ಕೊಟ್ಟ ನಾಯಿಗಳೂ ನಮ್ಮ ಹತ್ರ ವಾಪಸ್ ಬಂದಿವೆ ಆಂಟಿ' ಎಂದಳು ನಿಧಾನವಾಗಿ. 'ಇವನು ನಿಮ್ಮ ಕೂಗಿಗೆ ಕಿವೀನೂ ಅಲ್ಲಾಡಿಸ್ಲಿಲ್ಲ. ನಂಗೆ ಅಷ್ಟು ಸಾಕು. ಭಾನುವಾರ ಕರ್ಕೊಂಡು ಬರ್ತೀನಿ.'

ಭಾನುವಾರ ಬಂದವಳಿಗೆ ನಮ್ಮತ್ತೆ ನೇರಳೆ ಎಂದು ಹೆಸರಿಟ್ಟರು. ಬಂದವಳೇ ದಿವಾನದ ಕೆಳಗೆ ಹೊಕ್ಕಳು, ಹೊರಗೆ ಬರಲೊಲ್ಲಳು. ನಾನು ಮಾತ್ರ ಇನ್ನು ಮೇಲೆ ದನಿ ಏರಿಸುವುದಿಲ್ಲವೆಂದು ತೀರ್ಮಾನ ಮಾಡಿದ್ದೆ. ಬಾ ಚಿನ್ನ, ಬಾ ಬಂಗಾರ ಎಂದು ಬೆಳಗಿನಿಂದ ಕರೆದೆ. ನೇರಳೆ ಮೂಗೂ ತೋರಿಸಲಿಲ್ಲ. ನಾನು ಮೆತ್ತಗೆ ಮಾತಾಡುವುದು ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸುವ ದಿನ ಮಾತ್ರವಾದ್ದರಿಂದ ಬೋರನೂ ಮಹಡಿ ಮೆಟ್ಟಿಲೇರಿ ಬಚ್ಚಿಟ್ಟುಕೊಂಡ. 'ಯಾಕೆ, ಗಂಟಲು ನೋವಾ?' ಎಂದು ನಮ್ಮ ಮನೆಯವರು ಕಷಾಯ ಮಾಡಲು ಹೊರಟರು. ಅತ್ತೆ ಹತ್ತಿರ ಕರೆದು ಹಣೆ ಮುಟ್ಟಿ ನೋಡಿದರು. ಮಧ್ಯಾಹ್ನವಾಯಿತು. ಮುದ್ದೆ ಕಟ್ಟಿ ಇಟ್ಟಿದ್ದೆ, ಒಬ್ಬರೂ ಬರಲಿಲ್ಲ. ತಡೆದುಕೊಂಡೆ, ತಡೆದುಕೊಂಡೆ, ಆಗಲಿಲ್ಲ.

'ಮುದ್ದೆ ಆರಿ ಕಲ್ಲಾಗ್ತಿದೆ! ಎಲ್ಲಾ ಬರ್ತೀರೋ, ಇಲ್ಲ ಬೀದಿಗೆ ಸುರೀಲೋ!'

ಅತ್ತೆ ಕೋಲೂರಿಕೊಂಡು ಬಂದರು. ನಮ್ಮ ಮನೆಯವರು ಪೇಪರ್ ಮಡಚಿಕೊಂಡು ಬಂದರು. ಬೋರ ಮೆಟ್ಟಿಲಿಳಿದು ದಡದಡ ಬಂದ. ಅವರೆಲ್ಲರ ಹಿಂದೆ, ಸ್ವಲ್ಪ ಕುಂಟುತ್ತಾ, ಗೋಡೆ ಸವರಿಕೊಂಡು, ನೇರಳೆಯೂ ಬಂದಳು. ಬಂದು ಬೋರನ ಪಕ್ಕ ಸಾಲಿನಲ್ಲಿ ಕೂತಳು. ನನ್ನ ಕಣ್ಣು ತುಂಬಿಬಂತು. ಯಾರಾದರೂ ನೋಡಿಬಿಟ್ಟಾರು ಎಂದು ಎಲ್ಲರಿಗೂ ಸೇರಿಸಿ ಇನ್ನೊಂದು ಸಲ ಬೈದೆ.