ಡಿಕ್ಕಿಯೊಳಗಿನ ಡೊಳ್ಳು

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಚೆಲುವರಾಜು ತನ್ನ ಕಾರಿನಲ್ಲಿ ಕೂತು ಡೊಳ್ಳಿನ ರೆಕಾರ್ಡಿಂಗ್ ಹಾಕಿದಾಗ, ಬಾಗಿಲಿನ ಪುಟ್ಟ ಸ್ಪೀಕರುಗಳಿಂದ ಯಾರೋ ಬಿಸ್ಕತ್ತಿನ ಡಬ್ಬ ಬಡಿದ ಹಾಗೆ ಟಕಟಕ ಸದ್ದು ಬಂತು. ಡಿಕ್ಕಿಯಲ್ಲಿದ್ದ ದಪ್ಪ ದನಿಯ ದೊಡ್ಡ ಸ್ಪೀಕರು, ಆ ಸಬ್‌ವೂಫರ್ ಮಾತ್ರ ಕೆಮ್ಮಲೂ ಇಲ್ಲ. ವಾಲ್ಯೂಮ್ ಏರಿಸಿದ. ಡಬ್ಬದ ಸದ್ದು ಜೋರಾಯಿತು, ಅಷ್ಟೆ.

ಚೆಲುವರಾಜುವಿಗೆ ಮೈಯೆಲ್ಲ ಉರಿದುಹೋಯಿತು. ಬೇರೆ ದಿನವಾಗಿದ್ದರೆ ಕೆಟ್ಟರೆ ಕೆಡಲಿ ಎನ್ನಬಹುದಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಕನ್ನಡ ಕೂಟದ ದಸರಾ ಮೆರವಣಿಗೆ. ಅಮೆರಿಕನ್ ಶಾಲೆಯೊಂದರ ಪಾರ್ಕಿಂಗ್ ಲಾಟಿನಲ್ಲಿ ಮೂರು ಸುತ್ತು. ಎಲ್ಲರಿಗಿಂತ ಮುಂದೆ ಡೊಳ್ಳಿನ ಕಾರು, ಅದರ ಹಿಂದೆ ರಟ್ಟಿನ ಆನೆ, ಆನೆಯ ಹಿಂದೆ ಜನ. ನಾಲ್ಕು ವರ್ಷದಿಂದ ಆ ಮುಂದಿನ ಜಾಗ ಪಕ್ಕದ ಮನೆಯ ಕಶ್ಯಪನ ಕಾರಿನದು. ಈ ಸಲ ಸಮಿತಿಯ ಎರಡು ಮೀಟಿಂಗಿನಲ್ಲಿ ಜಗಳವಾಡಿ, ಅಧ್ಯಕ್ಷೆ ನಂದಾ ಆಂಟಿಯನ್ನು ಊಟಕ್ಕೆ ಕರೆದು, ಕಾರು ಗಡಗಡ ನಡುಗುವಂಥ ಸಬ್‌ವೂಫರ್ ಹಾಕಿಸಿ ಚೆಲುವರಾಜು ಅದನ್ನು ಗಿಟ್ಟಿಸಿಕೊಂಡಿದ್ದ. ಷರತ್ತು ಒಂದೇ: ಇವನ ಕಾರು ಕೈಕೊಟ್ಟರೆ ಮತ್ತೆ ಕಶ್ಯಪನ ಕಾರು.

"ಗುರುವಾರ ತಾನೇ ಆಯುಧಪೂಜೆ ಮಾಡಿದೀನಿ ಕಣೇ ಇದಕ್ಕೆ!" ಎಂದು ಅವನು ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಡತಿ ನಳಿನಾಕ್ಷಿಯ ಮೇಲೆ ಹರಿಹಾಯ್ದ. "ಕುಂಬಳಕಾಯಿ ಒಡೆದೆ. ನಾಲ್ಕು ಟೈರಿಗೂ ನಿಂಬೆಹಣ್ಣು ಇಟ್ಟೆ. ಫೋಟೋ ಹಾಕಿದ್ದಕ್ಕೆ ಗ್ರೂಪಲ್ಲಿ ಎಪ್ಪತ್ತು ಜನ ಕೈ ಮುಗಿದ್ರು. ಎರಡೇ ದಿನಕ್ಕೆ ಹೀಗಾ? ಉಪಕಾರ ಸ್ಮರಣೆ ಇಲ್ಲದ ಪೆಟ್ಟಿಗೆ!"

"ಫ್ಯೂಸ್ ಹೋಗಿರ್ಬೋದೇನೋ, ನೋಡಿ ಅಂದ್ರೆ," ಎಂದಳು ನಳಿನಾಕ್ಷಿ, ಮೆರವಣಿಗೆಯ ಊಟಕ್ಕೆಂದು ಬಿಸಿಬೇಳೆಬಾತ್ ತಿರುವುತ್ತ.

"ನೀನು ಬಾತ್ ನೋಡ್ಕೋ."

ಅಷ್ಟರಲ್ಲಿ ಗಲಾಟೆ ಕೇಳಿ ಕಶ್ಯಪ್ ಟೂಲ್‌ಬಾಕ್ಸ್ ಹಿಡಿದೇ ಬಂದ. ಅವನು ಮಾರಿಸ್‌ಟೌನಿನ ಕಂಪನಿಯೊಂದರಲ್ಲಿ, ಏನಾದರೂ ಕೆಟ್ಟರೆ ಯಾಕೆ ಕೆಟ್ಟಿತೆಂದು ನಲವತ್ತು ಪುಟದ ವರದಿ ಬರೆಯುವವರಿಗೆಲ್ಲ ಮ್ಯಾನೇಜರು.

"ಫ್ಯೂಸಾ?" ಎಂದು ಅವನು ನಕ್ಕ. "ಅದು ಎಲೆಕ್ಟ್ರಿಷಿಯನ್ ಬುದ್ಧಿ ರಾಜು. ನಾವು ಸಿಸ್ಟಮ್ಯಾಟಿಕ್ ಆಗಿ ಹೋಗೋಣ. ಫಸ್ಟ್ ಸೆಟ್ಟಿಂಗ್ಸ್, ಆಮೇಲೆ ಕೇಬಲ್, ಆಮೇಲೆ ಸ್ಪೀಕರ್."

ಸೆಟ್ಟಿಂಗ್ಸ್ ನೋಡಲು ಒಂದು ಗಂಟೆ ಹಿಡಿಯಿತು. ಅದು ಮುಗಿಯುವ ಹೊತ್ತಿಗೆ ಕಾರಿನ ಪರದೆ ಸ್ಪ್ಯಾನಿಷ್‌ಗೆ ತಿರುಗಿತ್ತು. ಅದನ್ನು ವಾಪಸು ಇಂಗ್ಲಿಷಿಗೆ ತರುವುದು ಹೇಗೆಂದು ಇಬ್ಬರಿಗೂ ತಿಳಿಯಲಿಲ್ಲ. ಎದುರು ಮನೆಯ ಸಾಫ್ಟ್‌ವೇರ್ ರಾಕೇಶ ಕಾಫಿ ಲೋಟದ ಸಮೇತ ಬಂದು, "ಆಫ್ ಮಾಡಿ ಆನ್ ಮಾಡಿದ್ರಾ ಸರ್?" ಎಂದು ಕೇಳಿ ಬೈಸಿಕೊಂಡು, ಹೋಗದೆ ಅಲ್ಲೇ ನಿಂತ. ಹಿಂದಿನ ಸೀಟು ಹುಲ್ಲಿನ ಮೇಲೆ ಬಂತು. ನೆಲದ ಕಾರ್ಪೆಟ್ ಎದ್ದಿತು. ಕಪ್ಪು ವೈರುಗಳು ಒಣಹಾಕಿದ ಶಾವಿಗೆಯಂತೆ ಡ್ರೈವ್‌ವೇ ತುಂಬ ಹರಡಿಕೊಂಡವು. ಹಾದುಹೋಗುವವರೆಲ್ಲ ಕಾರು ನಿಧಾನ ಮಾಡಿ ನೋಡಿದರು. ನನ್ನ ಮಾನ ಹೋಗುತ್ತಿರುವುದು ಇವರಿಗೆಲ್ಲ ತಮಾಷೆಯೇ ಎಂದು ಚೆಲುವರಾಜು ಹಲ್ಲು ಕಡಿದ.

ಎರಡು ಗಂಟೆಗೆ ಕಶ್ಯಪ್ ಚಿಕ್ಕ ಬ್ಯಾಟರಿಯೊಂದನ್ನು ಸ್ಪೀಕರಿಗೆ ತಾಗಿಸಿದ. ಧಬ್ ಎಂದು ಅದರ ಎದೆ ಉಬ್ಬಿತು.

"ಜೀವ ಇದೆ! ಅಂದ್ರೆ ಆಂಪ್ಲಿಫೈಯರಿಗೆ ಕರೆಂಟೇ ಬರ್ತಿಲ್ಲ." ವೈರಿನ ಜಾಡು ಹಿಡಿದು ಅವನು ಬಾನೆಟ್ಟಿನವರೆಗೆ ಹೋದ. ಬ್ಯಾಟರಿಯ ಪಕ್ಕದ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ಒಳಗೆ ಬೆರಳು ಹಾಕಿ ನೋಡಿದ. "ರಾಜು, ಫ್ಯೂಸ್ ಸುಟ್ಟಿಲ್ಲ. ಫ್ಯೂಸೇ ಇಲ್ಲ. ಯಾರೋ ಬೇಕಂತಲೇ ತೆಗೆದಿದಾರೆ."

ಚೆಲುವರಾಜುವಿನ ತಲೆಯಲ್ಲಿ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು.

"ಬೆಳಿಗ್ಗೆಯಿಂದ ಇಷ್ಟೊಂದು ಕಾಳಜಿ ಯಾಕೆ ಅಂತ ಈಗ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ಫ್ಯೂಸ್ ಅಂದಾಗ ನಕ್ಕವರು ಯಾರು? ನನ್ನ ಕಾರು ನಿಂತ್ರೆ ಮುಂದೆ ಹೋಗೋದು ಯಾರ ಕಾರು?"

ಕಶ್ಯಪನ ಮುಖ ಕೆಂಪಾಯಿತು. "ನಾಲ್ಕು ಗಂಟೆ ನಿಮ್ಮ ಡಿಕ್ಕಿಯಲ್ಲಿ ಮಗುಚಿಕೊಂಡು ಬಿದ್ದಿದೀನಿ ರೀ ನಾನು! ನನ್ನನ್ನ ಕಳ್ಳ ಅಂತೀರಾ? ನಿಮ್ಮ ವೈರು ನೀವೇ ಜೋಡಿಸ್ಕೊಳ್ಳಿ!" ಟೂಲುಗಳನ್ನೆಲ್ಲ ಬಾಚಿಕೊಂಡು ಹೊರಟೇಹೋದ. ರಾಕೇಶನಿಗೂ ಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಚೆಲುವರಾಜು ಕೂಟದ ವಾಟ್ಸಾಪ್ ಗ್ರೂಪಿಗೆ ಬರೆದ: 'ನಮ್ಮ ನಡುವೆಯೇ ಕಳ್ಳರಿದ್ದಾರೆ. ನನ್ನ ಸಬ್‌ವೂಫರಿನ ಅರವತ್ತು ಆಂಪ್ ಫ್ಯೂಸ್ ಕದ್ದವರು ಯಾರೆಂದು ಅವರ ಆತ್ಮಸಾಕ್ಷಿಗೆ ಗೊತ್ತು.'

ಎರಡೇ ನಿಮಿಷದಲ್ಲಿ ನಂದಾ ಆಂಟಿಯಿಂದ ಉತ್ತರ ಬಂತು. ಅದರಲ್ಲಿದ್ದದ್ದು ಗುರುವಾರ ಅವನೇ ಗ್ರೂಪಿಗೆ ಹಾಕಿದ್ದ ಫೋಟೋ. ದೇವರಮನೆಯ ತಟ್ಟೆಯಲ್ಲಿ ಸ್ಕ್ರೂಡ್ರೈವರ್, ಈಳಿಗೆಮಣೆ, ಕಾರಿನ ಕೀ. ನಟ್ಟನಡುವೆ, ಚೆಂಡುಹೂವಿನ ಕೆಳಗೆ ಕುಂಕುಮ ಹಚ್ಚಿಸಿಕೊಂಡು ಕೂತ ಒಂದು ಫ್ಯೂಸ್. ಅದರ ಸುತ್ತ ಆಂಟಿ ಕೆಂಪು ಗೆರೆ ಎಳೆದಿದ್ದರು. 'ಇದೇನಾ ಚೆಲುವರಾಜು?'

ಆಗ ಎಲ್ಲ ನೆನಪಾಯಿತು. ಸಬ್‌ವೂಫರನ್ನು ದೇವರಮನೆಗೆ ಹೊರಲಾಗದು, ಸ್ಪೀಕರಿಗೆ ಕುಂಕುಮ ಬಳಿದರೆ ಹಾಳಾದೀತು ಎಂದು, ಅದರ ಪರವಾಗಿ ಫ್ಯೂಸನ್ನು ತೆಗೆದು ಪೂಜೆಗಿಟ್ಟವನು ಅವನೇ. 'ಆಯುಧಗಳಿಗೆ ವಿಶ್ರಾಂತಿ ಬೇಕು, ವಿಜಯದಶಮಿಗೆ ನಾನೇ ತೆಗೀತೀನಿ, ಯಾರೂ ಮುಟ್ಟಕೂಡದು' ಎಂದವನೂ ಅವನೇ. ವಿಜಯದಶಮಿಯ ಶುಕ್ರವಾರ ಕೀ ಮಾತ್ರ ತೆಗೆದುಕೊಂಡು ಆಫೀಸಿಗೆ ಓಡಿದ್ದ.

ಬಾಡಿದ ಹೂವಿನಡಿಯಿಂದ ಫ್ಯೂಸ್ ಸಿಕ್ಕಿತು. ಆದರೆ ಆ ಶಾವಿಗೆಯನ್ನು ಜೋಡಿಸಬಲ್ಲವನು ಕಶ್ಯಪ್ ಒಬ್ಬನೇ. ಮೆಸೇಜ್ ಅಳಿಸಿದ, ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು. ಕೊನೆಗೆ ಸಬ್‌ವೂಫರನ್ನು ಗ್ಯಾರೇಜಿಗೆ ನೂಕಿ, ಅದರ ಜಾಗದಲ್ಲಿ ಬಿಸಿಬೇಳೆಬಾತಿನ ಎರಡು ಪಾತ್ರೆ ಇಟ್ಟುಕೊಂಡು, ಫ್ಯೂಸನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡು, ಪಂಚೆ ಪೇಟದಲ್ಲಿ ಅವನು ಮೆರವಣಿಗೆಗೆ ಹೊರಟ.

ಅಲ್ಲಿ ಆನೆಯ ಮುಂದೆ ಕಶ್ಯಪನ ಕಾರು ನಿಂತಿತ್ತು. ಚೆಲುವರಾಜು ಎಲ್ಲರ ಹಿಂದೆ ಹೋಗಿ ನಿಂತ. ನಂದಾ ಆಂಟಿ ಬಾವುಟ ಬೀಸಿದರು. ಧಂ ಧಂ ಎಂದು ಡೊಳ್ಳು ಶುರುವಾಯಿತು, ಮೂರನೆಯ ಪೆಟ್ಟಿಗೇ ಸತ್ತುಹೋಯಿತು. ಉಳಿದದ್ದು ಬಿಸ್ಕತ್ತಿನ ಡಬ್ಬದ ಸದ್ದು. ಹಾಗಾಗಬೇಕು! ಬೆಳಗಿನಿಂದ ಮೊದಲ ಬಾರಿಗೆ ಚೆಲುವರಾಜುವಿನ ಹೊಟ್ಟೆ ತಣ್ಣಗಾಯಿತು.

ಕಶ್ಯಪ್ ಬಾನೆಟ್ ಎತ್ತಿ, ಈ ಸಲ ಮೊದಲು ನೋಡಬೇಕಾದ್ದನ್ನೇ ಮೊದಲು ನೋಡಿದ. "ಫ್ಯೂಸ್ ಹಾರಿದೆ. ಯಾರ ಹತ್ರಾದ್ರೂ ಅರವತ್ತು ಆಂಪ್ ಫ್ಯೂಸ್ ಇದ್ಯಾ?"

ಇನ್ನೂರು ತಲೆಗಳು ನಿಧಾನವಾಗಿ ಹಿಂದಕ್ಕೆ ತಿರುಗಿದವು.

"ಚೆಲುವರಾಜು," ಎಂದರು ನಂದಾ ಆಂಟಿ, "ನಿಮ್ಮ ಹತ್ರ ಒಂದಿದೆಯಲ್ಲ?"

ಜುಬ್ಬಾದ ಜೇಬಿನಲ್ಲಿದ್ದ ಕೈ ಹೊರಗೆ ಬರಲೇಬೇಕಾಯಿತು. ಕಶ್ಯಪ್ ಫ್ಯೂಸಿನ ಮೇಲಿನ ಕುಂಕುಮ ನೋಡಿ, ಅದನ್ನು ಕಣ್ಣಿಗೊತ್ತಿಕೊಂಡು ಕಾರಿಗೆ ಸಿಕ್ಕಿಸಿದ.

ಧಂ ಧಂ ಧಂ! ನೆಲ ಅದುರಿತು, ಆನೆ ಹೊರಟಿತು, ಜನ ಕುಣಿಯತೊಡಗಿದರು. ನಂದಾ ಆಂಟಿ ಮೈಕ್ ಹಿಡಿದು, ಕೂಟದ ವಾಡಿಕೆಯಂತೆ, ಅಂದಿನ ದಾನಿಗಳ ಹೆಸರು ಹೇಳಿದರು:

"ಈ ವರ್ಷದ ಡೊಳ್ಳಿನ ಕಾರು, ಶ್ರೀ ಕಶ್ಯಪ್ ಅವರದು. ಫ್ಯೂಸಿನ ಪ್ರಾಯೋಜಕರು, ಶ್ರೀ ಚೆಲುವರಾಜು."